ಸ್ಟಾರ್ ಹೊಡೆದ ಸುದ್ದಿ, ಓಟಗಾರ್ತಿ ಸಿಕ್ಕಿಬಿದ್ದ ಸುದ್ದಿ: ಎರಡನ್ನೂ ಒಂದೇ ಕಣ್ಣಲ್ಲಿ ಓದುವುದು ಹೇಗೆ?

2011ರ ಜುಲೈ ಮತ್ತು ಸೆಪ್ಟೆಂಬರ್ ತಿಂಗಳ ಹಳೇ ಪೇಪರುಗಳು ಲೈಬ್ರರಿಯಲ್ಲೋ ಇಂಟರ್ನೆಟ್ಟಿನಲ್ಲೋ ಸಿಕ್ಕರೆ ಪಕ್ಕಪಕ್ಕ ಇಟ್ಟು ಓದಿ. ಸುದ್ದಿ ಓದುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಕನ್ನಡಿಗರಿಗೆ ಸಿಗುವುದು ಕಷ್ಟ.

ಜುಲೈನಲ್ಲಿ ಸಿಕ್ಕಿಬಿದ್ದವರು ಅಶ್ವಿನಿ ಅಕ್ಕುಂಜಿ. ಉಡುಪಿ ಜಿಲ್ಲೆಯ ಸಿದ್ದಾಪುರದವರು. ಅದಕ್ಕೆ ಎಂಟೇ ತಿಂಗಳ ಹಿಂದೆ, 2010ರ ನವೆಂಬರ್‌ನಲ್ಲಿ, ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲೂ 4×400 ರಿಲೇಯಲ್ಲೂ ಚಿನ್ನ ಗೆದ್ದಿದ್ದರು. ಅದರ ಹಿಂದಿನ ತಿಂಗಳು ದೆಹಲಿ ಕಾಮನ್‌ವೆಲ್ತ್ ಗೇಮ್ಸ್‌ನ ರಿಲೇ ಚಿನ್ನದಲ್ಲೂ ಪಾಲಿತ್ತು. ಇಡೀ ರಾಜ್ಯ ಕರೆದು ಹಾರ ಹಾಕಿತ್ತು. ಆಮೇಲೆ ಡೋಪ್ ಟೆಸ್ಟ್‌ನಲ್ಲಿ, ಅಂದರೆ ನಿಷೇಧಿತ ಔಷಧಿ ತಗೊಂಡಿದ್ದಾರಾ ಎಂದು ನೋಡುವ ಪರೀಕ್ಷೆಯಲ್ಲಿ, ಸ್ಟೀರಾಯ್ಡ್ ಸಿಕ್ಕಿತು. ಅವರೊಬ್ಬರೇ ಅಲ್ಲ, ಅದೇ ಶಿಬಿರದ ಇತರ ಓಟಗಾರ್ತಿಯರೂ ಸಿಕ್ಕಿಬಿದ್ದರು. ಉಕ್ರೇನ್ ಮೂಲದ ಕೋಚ್ ಯೂರಿ ಓಗೊರೊದ್ನಿಕ್ ಅವರನ್ನು ಕ್ರೀಡಾ ಸಚಿವರು ಕೆಲಸದಿಂದ ತೆಗೆದರು. ಕೋಚ್ ತಂದುಕೊಟ್ಟ ಜಿನ್‌ಸೆಂಗ್ ಎಂಬ ಬೇರಿನ ಮಾತ್ರೆಯಿಂದ ಹೀಗಾಯಿತು ಎಂದು ಓಟಗಾರ್ತಿಯರು ಹೇಳಿದರು. ಡಿಸೆಂಬರ್‌ನಲ್ಲಿ ನಾಡಾ (ದೇಶದ ಡೋಪಿಂಗ್ ತಡೆ ಸಂಸ್ಥೆ) ಸಮಿತಿ ಒಂದು ವರ್ಷದ ನಿಷೇಧ ಹಾಕಿತು. 2012ರ ಜುಲೈನಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷ ಮಾಡಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ಸೆಪ್ಟೆಂಬರ್‌ನಲ್ಲಿ ನಟ ದರ್ಶನ್ ಅರೆಸ್ಟ್ ಆದರು. ಹೆಂಡತಿಗೆ ಹೊಡೆದರು ಎಂಬ ದೂರು, ದೂರು ಕೊಟ್ಟವರು ಹೆಂಡತಿಯೇ. ಅಭಿಮಾನಿಗಳು ಬೀದಿಗಿಳಿದರು. ಚಿತ್ರರಂಗದ ಹಿರಿಯರು ರಾಜಿ ಮಾಡಿಸಲು ಓಡಾಡಿದರು. ಆ ತಿಂಗಳ ಕೊನೆಗೆ, ಅವರಿನ್ನೂ ಒಳಗಿದ್ದಾಗಲೇ, 'ಸಾರಥಿ' ಬಿಡುಗಡೆಯಾಗಿ ಭರ್ಜರಿಯಾಗಿ ಓಡಿತು. ಗಂಡ ಹೆಂಡತಿ ರಾಜಿಯಾದರು, ಆ ಕೇಸಿನಲ್ಲಿ ಶಿಕ್ಷೆ ಆಗಲಿಲ್ಲ. ಆದರೆ ಇದರ ನಡುವೆ ಒಬ್ಬರಿಗೆ ನಿಷೇಧ ಬಿತ್ತು. ಯಾರಿಗೆ ಗೊತ್ತಾ? ನಟಿ ನಿಖಿತಾ ತುಕ್ರಾಲ್‌ಗೆ. ಈ ಸಂಸಾರದ ಜಗಳಕ್ಕೆ ಅವರೇ ಕಾರಣ ಎಂದು ಕನ್ನಡ ಚಿತ್ರ ನಿರ್ಮಾಪಕರ ಸಂಘ ಮೂರು ವರ್ಷ ಬ್ಯಾನ್ ಮಾಡಿತು. ಎಲ್ಲ ಕಡೆಯಿಂದ ಉಗಿಸಿಕೊಂಡ ಮೇಲೆ ವಾಪಸ್ ತೆಗೆದುಕೊಂಡಿತು.

ಲೆಕ್ಕ ಹಾಕಿ. ಮಾತ್ರೆ ನುಂಗಿದವರಿಗೆ ಎರಡು ವರ್ಷ. ಯಾವ ಕೇಸಿನಲ್ಲೂ ಆರೋಪಿಯಲ್ಲದ ನಟಿಗೆ, ಕೆಲವೇ ದಿನ ಆದರೂ, ಮೂರು ವರ್ಷ. ದೂರಿನಲ್ಲಿ ಹೆಸರಿದ್ದವರಿಗೆ ಹಿಟ್ ಸಿನಿಮಾ.

ಅಲ್ಲಿಂದ ಇಲ್ಲಿಯವರೆಗೆ ಚಾನೆಲ್ಲುಗಳು ಜಾಸ್ತಿಯಾಗಿವೆ, ಮೊಬೈಲು, ಯೂಟ್ಯೂಬು ಎಲ್ಲರ ಕೈಗೂ ಬಂದಿವೆ. ಓದುವ ನಾವು ಮಾತ್ರ ಅದೇ ಹಳೇ ರೀತಿಯಲ್ಲಿ ಓದುತ್ತಿದ್ದೇವೆ. ಇಂಥ ಸುದ್ದಿ ಬಂದಾಗ ನಾನು ಏನೇನು ನೋಡುತ್ತೇನೆ ಅನ್ನುವುದನ್ನು ಕೆಳಗೆ ಬರೆದಿದ್ದೇನೆ. ಪತ್ರಿಕೋದ್ಯಮ ಓದಿರಬೇಕಾಗಿಲ್ಲ, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಮೊದಲು, ಎರಡೂ ಒಂದೇ ಅಲ್ಲ ಅನ್ನುವುದನ್ನು ಒಪ್ಪಿಕೊಳ್ಳಿ

ಫೇಸ್‌ಬುಕ್ಕಿನಲ್ಲಿ ಜನ ಮಾಡುವ ತಪ್ಪು ಇದೇ. "ಅವನಿಗೆ ಬೇಲ್, ಇವಳಿಗೆ ಬ್ಯಾನ್, ಇದೇನಾ ನ್ಯಾಯ?" ಅಂತ ಒಂದು ಸಾಲು ಬರೆದು ಲೈಕ್ ತಗೊಂಡು ಹೋಗುತ್ತಾರೆ. ಆದರೆ ಡೋಪಿಂಗ್ ನಡೆಯುವ ದಾರಿ ಬೇರೆ, ಕ್ರಿಮಿನಲ್ ಕೇಸಿನ ದಾರಿ ಬೇರೆ. ಇದು ಗೊತ್ತಿಲ್ಲದೆ ಮಾಧ್ಯಮವನ್ನು ಬೈದರೆ ಬೈಗುಳಕ್ಕೆ ಬಲ ಇರುವುದಿಲ್ಲ.

ಡೋಪಿಂಗ್‌ನಲ್ಲಿ ಮೂತ್ರವನ್ನೋ ರಕ್ತವನ್ನೋ ಎರಡು ಬಾಟಲಿಗೆ ಹಾಕುತ್ತಾರೆ, ಎ ಮತ್ತು ಬಿ. ಎ ಬಾಟಲಿಯಲ್ಲಿ ನಿಷೇಧಿತ ವಸ್ತು ಸಿಕ್ಕರೆ, ಕ್ರೀಡಾಪಟು ಬೇಕಿದ್ದರೆ ಬಿ ಬಾಟಲಿಯ ಪರೀಕ್ಷೆಗೆ ಕೇಳಬಹುದು. ಅದರಲ್ಲೂ ಸಿಕ್ಕರೆ ಮುಗೀತು. ಅದು ಹೇಗೆ ಒಳಗೆ ಬಂತು, ಬೇಕೆಂದೇ ತಗೊಂಡರಾ, ಯಾರಾದರೂ ಬೆರೆಸಿದರಾ ಎಂಬ ಪ್ರಶ್ನೆಗಳೆಲ್ಲ ಶಿಕ್ಷೆ ಎಷ್ಟು ಅನ್ನುವುದಕ್ಕೆ ಮಾತ್ರ. ತಪ್ಪು ಆಗಿದೆ ಅನ್ನುವುದು ಆಗಲೇ ತೀರ್ಮಾನ ಆಗಿರುತ್ತದೆ. ಮೈಯೊಳಗೆ ಏನಿದ್ದರೂ ಅದಕ್ಕೆ ಆ ಕ್ರೀಡಾಪಟುವೇ ಹೊಣೆ, ಇದು ವಾಡಾ (ವಿಶ್ವ ಡೋಪಿಂಗ್ ತಡೆ ಸಂಸ್ಥೆ) ನಿಯಮ. ನಿರಪರಾಧಿ ಎಂದು ತೋರಿಸುವ ಭಾರ ಆಟಗಾರರ ತಲೆಯ ಮೇಲೇ ಇರುತ್ತದೆ.

ಕ್ರಿಮಿನಲ್ ಕೇಸಿನಲ್ಲಿ ಎಲ್ಲ ಉಲ್ಟಾ. ತಪ್ಪು ಸಾಬೀತು ಮಾಡುವ ಭಾರ ಪೊಲೀಸರದು, ಸರ್ಕಾರಿ ವಕೀಲರದು. ಸಾಬೀತಾಗುವವರೆಗೆ ಆರೋಪಿ ಆರೋಪಿಯೇ, ಅಪರಾಧಿ ಅಲ್ಲ. ಇದು ಸರಿಯಾದ ನಿಯಮ, ಸ್ಟಾರ್‌ಗೂ ಇರಬೇಕು, ನನಗೂ ನಿಮಗೂ ಇರಬೇಕು. ಹಾಗಾಗಿ "ಓಟಗಾರ್ತಿಗೆ ಆರು ತಿಂಗಳಲ್ಲಿ ಶಿಕ್ಷೆ, ನಟನಿಗೆ ಇನ್ನೂ ಆಗಿಲ್ಲ" ಅನ್ನುವುದಕ್ಕೆ ಮಾಧ್ಯಮ ಹೊಣೆಯಲ್ಲ.

ಮಾಧ್ಯಮ ಹೊಣೆಯಾಗುವುದು ಇನ್ನೊಂದು ಜಾಗದಲ್ಲಿ. ಅನುಮಾನದ ಲಾಭವನ್ನು ಅದು ಯಾರಿಗೆ ಕೊಡುತ್ತದೆ? "ಎರಡೂ ಕಡೆ ಕೇಳೋಣ" ಎಂಬ ದೊಡ್ಡ ಮನಸ್ಸು ಯಾರ ವಿಷಯದಲ್ಲಿ ಬರುತ್ತದೆ? ಜಿನ್‌ಸೆಂಗ್ ಕಥೆ ಬಂದಾಗ ಎಷ್ಟು ಜನ ಅದನ್ನು ಬೆನ್ನು ಹತ್ತಿದರು? ಆ ಮಾತ್ರೆ ಎಲ್ಲಿಂದ ಬಂತು, ಶಿಬಿರದಲ್ಲಿ ಡಾಕ್ಟರ್ ಯಾರಿದ್ದರು, ಕೋಚ್ ಕೊಟ್ಟಿದ್ದನ್ನು ಒಲ್ಲೆ ಅನ್ನುವ ಸ್ಥಿತಿಯಲ್ಲಿ ಆ ಹುಡುಗಿಯರು ಇದ್ದರಾ? ಕೋಚ್ ಕೊಟ್ಟಿದ್ದನ್ನು ನುಂಗುವುದು ನಮ್ಮ ಶಿಬಿರಗಳಲ್ಲಿ ದೊಡ್ಡ ವಿಷಯವೇ ಅಲ್ಲ, ಕೇಳಿ ನೋಡಿ ಯಾವ ಓಟಗಾರರನ್ನಾದರೂ. ಹಾಗಂತ ನಾನು ಡೋಪಿಂಗ್ ಪರ ಅಲ್ಲ. ಅಡ್ಡದಾರಿ ಹಿಡಿದವರು ಪಕ್ಕದ ಲೇನಿನಲ್ಲಿ ನ್ಯಾಯವಾಗಿ ಓಡಿದವಳ ಪದಕ ಕದಿಯುತ್ತಾರೆ. ನಿಷೇಧ ಬೇಕೇ ಬೇಕು.

ಶೀರ್ಷಿಕೆಯಲ್ಲಿ ಹೆಸರು ಅದಲುಬದಲು ಮಾಡಿ ನೋಡಿ

ಇದು ಐದು ನಿಮಿಷದ ಕೆಲಸ. ಈ ಎರಡು ಶೀರ್ಷಿಕೆ ನಾನೇ ಕಟ್ಟಿದ್ದು, ಆದರೆ ಇಂಥದ್ದನ್ನು ನೀವು ನೂರು ಸಲ ನೋಡಿರುತ್ತೀರಿ:

"ದೇಶದ ಮಾನ ಹರಾಜು ಹಾಕಿದ ಓಟಗಾರ್ತಿ"

"ಸಂಕಷ್ಟದಲ್ಲಿ ಸ್ಟಾರ್ ನಟ: ಅಭಿಮಾನಿಗಳ ಕಣ್ಣೀರು"

ಈಗ ಬದಲಾಯಿಸಿ. "ಸಂಕಷ್ಟದಲ್ಲಿ ಓಟಗಾರ್ತಿ: ಊರವರ ಕಣ್ಣೀರು." "ನಾಡಿನ ಮಾನ ಹರಾಜು ಹಾಕಿದ ನಟ." ಓದುವಾಗ ಬಾಯಿಗೆ ಹೊಂದುತ್ತಿಲ್ಲ ಅಲ್ವಾ? ಆ ಹೊಂದದೇ ಇರುವುದನ್ನೇ ಗಮನಿಸಿ. ಓಟಗಾರ್ತಿ ಏನೋ ಮಾಡಿದಳು. ನಟನಿಗೆ ಏನೋ ಆಯಿತು. ಒಬ್ಬಳು ತಪ್ಪು ಮಾಡುವವಳು, ಇನ್ನೊಬ್ಬನು ಕಷ್ಟ ಅನುಭವಿಸುವವನು. ಕಂಟಕ, ಸಂಕಟ, ಗ್ರಹಚಾರ, ಶನಿಕಾಟ, ಎಲ್ಲ ಸ್ಟಾರ್ ಕಡೆಗೇ. ಜ್ಯೋತಿಷಿಯನ್ನು ಸ್ಟುಡಿಯೋದಲ್ಲಿ ಕೂರಿಸಿ ಜಾತಕ ನೋಡಿಸುತ್ತಾರೆ ಬೇರೆ. ಅಲ್ಲಿಗೆ ಕೈ ಎತ್ತಿದ್ದು ಕೈಯಲ್ಲ, ಶನಿ.

ಓಟಗಾರ್ತಿಯ ಜಾತಕವನ್ನು ಯಾರೂ ನೋಡುವುದಿಲ್ಲ.

ಹೆಸರಿನ ಮುಂದೆ ಏನಿದೆ ಅಂತಲೂ ನೋಡಿ. 2024ರಲ್ಲಿ ಕೊಲೆ ಕೇಸಿನಲ್ಲಿ ಅರೆಸ್ಟ್ ಆದ ಮೇಲೂ 'ಚಾಲೆಂಜಿಂಗ್ ಸ್ಟಾರ್', 'ಡಿ ಬಾಸ್' ಎಂಬ ಬಿರುದುಗಳು ದರ್ಶನ್ ಹೆಸರಿನ ಜೊತೆ ಬಂದವು. ಪದಕ ಗೆದ್ದವರ ಬಿರುದು ಮಾತ್ರ ಟೆಸ್ಟ್ ರಿಪೋರ್ಟ್ ಬಂದ ಸಂಜೆಗೇ ಉದುರಿಹೋಗುತ್ತದೆ, ಬಿ ಬಾಟಲಿ ತೆರೆಯುವವರೆಗೂ ಕಾಯುವುದಿಲ್ಲ.

ಯಾರಿಗೆ ಪೆಟ್ಟಾಯಿತು ಅಂತ ಹುಡುಕಿ, ಎಷ್ಟನೇ ಪ್ಯಾರಾದಲ್ಲಿ ಸಿಗುತ್ತದೆ ನೋಡಿ

2024ರ ಜೂನ್‌ನಲ್ಲಿ ಚಿತ್ರದುರ್ಗದ ಒಬ್ಬ ಯುವಕನ ಶವ ಬೆಂಗಳೂರಿನ ಸುಮನಹಳ್ಳಿ ಹತ್ತಿರದ ಮೋರಿಯಲ್ಲಿ ಸಿಕ್ಕಿತು. ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದವನು. ಹೆಂಡತಿ ಆಗ ಗರ್ಭಿಣಿ. ಆ ಕೊಲೆ ಕೇಸಿನಲ್ಲಿ ಜೂನ್ 11ರಂದು ಮೈಸೂರಿನಲ್ಲಿ ದರ್ಶನ್ ಅರೆಸ್ಟ್ ಆದರು. ಆಮೇಲೆ ನಡೆದದ್ದು ನಿಮಗೆಲ್ಲ ಗೊತ್ತೇ ಇದೆ. ದಿನಗಟ್ಟಲೆ ಬೇರೆ ಸುದ್ದಿಯೇ ಇರಲಿಲ್ಲ.

"ನೋಡಿ, ಮಾಧ್ಯಮ ಸ್ಟಾರ್‌ನ ಬಿಡಲಿಲ್ಲವಲ್ಲ, ಇನ್ನೇನು ತಾರತಮ್ಯ?" ಎಂದು ಈಗ ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಆದರೆ ಆ ಸಾವಿರಾರು ಗಂಟೆಗಳಲ್ಲಿ ಏನಿತ್ತು ಅಂತ ನೆನಪು ಮಾಡಿಕೊಳ್ಳಿ. ಜೈಲಿನಲ್ಲಿ ತಿಂಡಿ ಏನು ಕೊಟ್ಟರು. ನಿದ್ದೆ ಬಂತಾ. ಬೆನ್ನುನೋವು ಹೇಗಿದೆ. ಟಿವಿ ಕೇಳಿದರಂತೆ, ದಿಂಬು ಕೇಳಿದರಂತೆ. ಆಗಸ್ಟ್‌ನಲ್ಲಿ ಪರಪ್ಪನ ಅಗ್ರಹಾರದ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಸಿಗರೇಟು ಹಿಡಿದು ಕೂತ ಫೋಟೊ ಹೊರಬಂತು, ಬಳ್ಳಾರಿ ಜೈಲಿಗೆ ಕಳಿಸಿದರು, ಪೊಲೀಸ್ ವ್ಯಾನಿನ ಹಿಂದೆ ಚಾನೆಲ್ ಕಾರುಗಳು ಬಳ್ಳಾರಿವರೆಗೂ ಓಡಿದವು. ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ಕ್ಯಾಮೆರಾ ತಿರುಗಿದ್ದು ಒಂದೇ ಮುಖದ ಕಡೆಗೆ. ಕೊಲೆ ಕೇಸು ಎರಡನೇ ವಾರಕ್ಕೆ 'ದರ್ಶನ್ ಕೇಸ್' ಆಯಿತು. ಸತ್ತವನು ಆ ಧಾರಾವಾಹಿಯಲ್ಲಿ ಒಂದು ಸಣ್ಣ ಪಾತ್ರ.

ಇನ್ನೂ ಕೆಟ್ಟದ್ದು ಇದೆ. ನಟನ ಗೆಳತಿಗೆ ಸತ್ತವನು ಅಶ್ಲೀಲ ಮೆಸೇಜ್ ಕಳಿಸಿದ್ದ ಎಂಬುದು ಕೊಲೆಗೆ ಪೊಲೀಸರು ಹೇಳುವ ಕಾರಣ. ಅದು ನಿಜವೇ ಇರಲಿ, ಅದಕ್ಕೆ ಪೊಲೀಸ್ ಠಾಣೆ ಇತ್ತು, ಸೈಬರ್ ಕ್ರೈಮ್ ವಿಭಾಗ ಇತ್ತು. ಆದರೆ ಅದೆಷ್ಟು ಜನ "ಅವನೂ ಸರಿ ಇರಲಿಲ್ಲ ಬಿಡಿ" ಅಂದರು, ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲೇ ಹುಡುಕಿ. ಸತ್ತವನನ್ನು ವಿಚಾರಣೆಗೆ ನಿಲ್ಲಿಸುವುದು ಸುಲಭ, ವಕೀಲರನ್ನು ಇಟ್ಟುಕೊಳ್ಳಲು ಅವನು ಬರುವುದಿಲ್ಲ.

ಆ ಕೇಸು ಇನ್ನೂ ಮುಗಿದಿಲ್ಲ, ದರ್ಶನ್ ಇನ್ನೂ ಆರೋಪಿ ಅಷ್ಟೇ. 2024ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಕೊಟ್ಟ ಜಾಮೀನನ್ನು 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅದೇ 2025ರ ಡಿಸೆಂಬರ್‌ನಲ್ಲಿ ಅವರ 'ದಿ ಡೆವಿಲ್' ತೆರೆಗೆ ಬಂದಾಗಲೂ ಅವರು ಒಳಗೇ ಇದ್ದರು, ಹೊರಗೆ ಅಭಿಮಾನಿಗಳು ಪಟಾಕಿ ಹೊಡೆದರು. ಹದಿನಾಲ್ಕು ವರ್ಷದಲ್ಲಿ ಎರಡನೇ ಸಲ. ಹಾಗಾಗಿ ನಿಮ್ಮ ಕೆಲಸ ಇಷ್ಟು: ಯಾವುದೇ ಸ್ಟಾರ್ ಸುದ್ದಿಯಲ್ಲಿ ಪೆಟ್ಟು ತಿಂದವರ ಬಗ್ಗೆ ಮೊದಲ ಸಾಲು ಎಲ್ಲಿ ಬರುತ್ತದೆ ನೋಡಿ. ಎಂಟನೇ ಪ್ಯಾರಾದಲ್ಲಿ ಬಂದರೆ ಅದು ಅಪರಾಧ ಸುದ್ದಿ ಅಲ್ಲ, ಸಿನಿಮಾ ಸುದ್ದಿ. ಅದನ್ನು ಹಾಗೇ ಓದಿ.

ಡೋಪಿಂಗ್ ಸುದ್ದಿಯಲ್ಲೂ ಇದನ್ನೇ ಮಾಡಿ, ಮಜಾ ಇರುತ್ತದೆ. ಅಲ್ಲಿ ಪೆಟ್ಟು ತಿಂದವರು ಯಾರು? ನಾಲ್ಕನೇ ಸ್ಥಾನಕ್ಕೆ ಬಂದು ಪದಕ ತಪ್ಪಿದ ಓಟಗಾರ್ತಿ. ಅವಳ ಹೆಸರೂ ಇರುವುದಿಲ್ಲ. ಅವಳ ಜಾಗದಲ್ಲಿ 'ದೇಶ' ಇರುತ್ತದೆ. ದೇಶಕ್ಕೆ ಅವಮಾನ, ದೇಶಕ್ಕೆ ಕಳಂಕ. ಒಬ್ಬಳಿಗೆ ಮೋಸವಾಯಿತು ಅನ್ನುವುದಕ್ಕಿಂತ 140 ಕೋಟಿ ಜನರಿಗೆ ಅವಮಾನವಾಯಿತು ಅಂದರೆ ಟಿವಿಯಲ್ಲಿ ಜಾಸ್ತಿ ಕೂಗಾಡಬಹುದು ನೋಡಿ.

ಈ ಚಾನೆಲ್‌ಗೆ ನಾಳೆ ಯಾರು ಬೇಕು?

ನನ್ನ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ. ಉಳಿದದ್ದೆಲ್ಲ ಇದರ ಬಾಲ.

ಒಬ್ಬ ಸ್ಟಾರ್ ಜೊತೆ ಮಾಧ್ಯಮಕ್ಕೆ ದಿನಾ ವ್ಯವಹಾರ ಇರುತ್ತದೆ. ಸಿನಿಮಾ ಜಾಹೀರಾತು, ಟ್ರೇಲರ್ ಬಿಡುಗಡೆ, ಹಬ್ಬದ ವಿಶೇಷ ಸಂದರ್ಶನ, ಹುಟ್ಟುಹಬ್ಬದ ಲೈವ್. ಅವನನ್ನು ಕಳೆದುಕೊಂಡರೆ ನಷ್ಟ. ಹರ್ಡಲ್ಸ್ ಓಡುವವಳ ಜೊತೆ ಏನು ವ್ಯವಹಾರ? ನಾಲ್ಕು ವರ್ಷಕ್ಕೊಮ್ಮೆ ಒಂದು ಫೋಟೊ. ಅವಳನ್ನು ತುಳಿದರೆ ಯಾರೂ ಜಾಹೀರಾತು ವಾಪಸ್ ತೆಗೆಯುವುದಿಲ್ಲ, ಯಾರೂ ಆಫೀಸಿನ ಮುಂದೆ ಬಂದು ಗಲಾಟೆ ಮಾಡುವುದಿಲ್ಲ.

ಇದಕ್ಕೆ ಸಾಕ್ಷಿ ಬೇಕಾ? ಕನ್ನಡದ ಚಾನೆಲ್ಲುಗಳು ಸುಮಾರು ಎರಡು ವರ್ಷ ದರ್ಶನ್ ಅವರನ್ನು ನಿಜವಾಗಿಯೂ ಬಹಿಷ್ಕಾರ ಹಾಕಿದ್ದವು. ಅವರ ಸುದ್ದಿ ಇಲ್ಲ, ಸಿನಿಮಾ ಪ್ರಚಾರ ಇಲ್ಲ. ಯಾವ ತಪ್ಪಿಗೆ? 2011ರ ದೂರಿಗಾ? ಅಲ್ಲ. ಮಾಧ್ಯಮದವರನ್ನು ಕೆಟ್ಟದಾಗಿ ಬೈದ ಒಂದು ಆಡಿಯೊ ಹೊರಬಂದಿತ್ತು, ಅದಕ್ಕೆ. 2023ರ ಆಗಸ್ಟ್‌ನಲ್ಲಿ ಕ್ಷಮೆ ಕೇಳಿದರು, ಎಲ್ಲ ಸರಿಹೋಯಿತು. ಮಾಧ್ಯಮಕ್ಕೆ ಬಹಿಷ್ಕಾರ ಹಾಕುವ ಶಕ್ತಿ ಇದೆ, ಹಾಕಲು ಬರುತ್ತದೆ, ಹಾಕಿಯೂ ತೋರಿಸಿದೆ. ಯಾವುದಕ್ಕೆ ಹಾಕಿತು ಅನ್ನುವುದನ್ನು ನೆನಪಿಡಿ.

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಟಿವಿ ನಟ ಚಾರ್ಲಿ ಶೀನ್ 2009ರ ಕ್ರಿಸ್‌ಮಸ್ ದಿನ ಹೆಂಡತಿಯ ಮೇಲೆ ಹಲ್ಲೆ ಆರೋಪದಲ್ಲಿ ಅರೆಸ್ಟ್ ಆದರು, 2010ರಲ್ಲಿ ತಪ್ಪೊಪ್ಪಿಕೊಂಡರು. ಅವರ ಕಾಮಿಡಿ ಶೋ ನಡೆಯುತ್ತಲೇ ಇತ್ತು. 2011ರ ಮಾರ್ಚ್‌ನಲ್ಲಿ ಕೆಲಸದಿಂದ ತೆಗೆದರು, ಶೋ ಸೃಷ್ಟಿಸಿದ ನಿರ್ಮಾಪಕರನ್ನು ರೇಡಿಯೋದಲ್ಲಿ ಹೀಯಾಳಿಸಿದ ಮೇಲೆ. ಹೆಂಡತಿಗೆ ಹೊಡೆದಾಗ ನಡೆಯಿತು, ಸಾಹುಕಾರನನ್ನು ಬೈದಾಗ ನಡೆಯಲಿಲ್ಲ.

ಕ್ರಿಕೆಟಿಗನನ್ನು ನಡುವೆ ತಂದು ಪರೀಕ್ಷೆ ಮಾಡಿ

ತಾರತಮ್ಯ ಇರುವುದು ಹಿಂಸೆ ಮತ್ತು ಡೋಪಿಂಗ್ ನಡುವೆಯೋ, ಮಾರುಕಟ್ಟೆ ಇರುವವರು ಮತ್ತು ಇಲ್ಲದವರ ನಡುವೆಯೋ? ಇದನ್ನು ತಿಳಿಯಲು ಸುಲಭ ದಾರಿ ಇದೆ. ಮಾರುಕಟ್ಟೆ ಇರುವವನೇ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದಾಗ ಏನಾಯಿತು ನೋಡಿ.

2019ರಲ್ಲಿ ಪೃಥ್ವಿ ಶಾ ಸಿಕ್ಕಿಬಿದ್ದರು. ಟರ್ಬ್ಯುಟಲಿನ್ ಎಂಬ ವಸ್ತು, ಕೆಮ್ಮಿನ ಸಿರಪ್ಪಿನಲ್ಲಿ ಇರುವಂಥದ್ದು. ಸ್ಯಾಂಪಲ್ ತೆಗೆದದ್ದು ಫೆಬ್ರವರಿಯಲ್ಲಿ, ಸುದ್ದಿ ಹೊರಬಂದದ್ದು ಜುಲೈ ಕೊನೆಗೆ. ಬಿಸಿಸಿಐ ಎಂಟು ತಿಂಗಳ ನಿಷೇಧ ಹಾಕಿತು, ಅದನ್ನು ಹಿಂದಿನ ಮಾರ್ಚ್‌ನಿಂದಲೇ ಲೆಕ್ಕ ಹಾಕಿತು. ಅಂದರೆ ನಿಷೇಧದ ಅವಧಿ ಅಂತ ಆಮೇಲೆ ಹೇಳಿದ ದಿನಗಳಲ್ಲೇ ಅವರು ಐಪಿಎಲ್ ಆಡಿ ಮುಗಿಸಿದ್ದರು! ಕೆಮ್ಮಿನ ಸಿರಪ್ ಕಥೆಯನ್ನು ಬಹುತೇಕ ಎಲ್ಲರೂ ಒಪ್ಪಿಕೊಂಡರು. ಹುಡುಗ, ಗೊತ್ತಾಗದೆ ಕುಡಿದ, ಪಾಪ. ಇರಬಹುದು, ನಾನೂ ಹಾಗೇ ಅಂದುಕೊಂಡಿದ್ದೇನೆ. ಆ ಕಾಲಕ್ಕೆ ಬಿಸಿಸಿಐ ನಾಡಾ ಅಡಿಯಲ್ಲಿ ಇರಲಿಲ್ಲ, ಅದು ಒಪ್ಪಿಕೊಂಡದ್ದು ಅದೇ ವರ್ಷದ ಆಗಸ್ಟ್‌ನಲ್ಲಿ.

ಈಗ ನಮ್ಮದೇ ರಾಜ್ಯದ ಎಂ.ಆರ್. ಪೂವಮ್ಮ ಅವರನ್ನು ಪಕ್ಕಕ್ಕೆ ಇಡಿ. ಏಷ್ಯನ್ ಗೇಮ್ಸ್ ರಿಲೇ ಚಿನ್ನ ಗೆದ್ದವರು, ಅರ್ಜುನ ಪ್ರಶಸ್ತಿ ಪಡೆದವರು. 2021ರಲ್ಲಿ ಸಿಕ್ಕಿಬಿದ್ದರು. ನಾಡಾ ಸಮಿತಿ ಮೊದಲು ಮೂರು ತಿಂಗಳ ನಿಷೇಧ ಹಾಕಿತು, 2022ರಲ್ಲಿ ಅಪೀಲು ಸಮಿತಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಇಬ್ಬರದೂ ಸ್ಟೀರಾಯ್ಡ್ ಅಲ್ಲ. ಇಬ್ಬರಲ್ಲಿ ಯಾರ ಕಥೆ ನಿಮಗೆ ಗೊತ್ತಿತ್ತು? ಯಾರಿಗೆ 'ಪಾಪ' ಸಿಕ್ಕಿತು? ಪೂವಮ್ಮ ಹೇಳಿದ್ದೇನು ಅಂತ ಒಂದು ಸಾಲಾದರೂ ನೆನಪಿದೆಯಾ?

ಇನ್ನೊಂದು ದಿಕ್ಕಿನಿಂದಲೂ ಪರೀಕ್ಷೆ ಮಾಡಬಹುದು. ಹಿಂಸೆಯ ಆರೋಪ, ಆದರೆ ಆರೋಪಿ ಕ್ರೀಡಾಪಟು. ಎರಡು ಒಲಿಂಪಿಕ್ ಪದಕ ಗೆದ್ದ ಕುಸ್ತಿಪಟು ಸುಶೀಲ್ ಕುಮಾರ್, 2021ರಲ್ಲಿ ದೆಹಲಿಯ ಛತ್ರಸಾಲ್ ಸ್ಟೇಡಿಯಮ್ಮಿನಲ್ಲಿ ಒಬ್ಬ ಕಿರಿಯ ಕುಸ್ತಿಪಟುವಿನ ಕೊಲೆ ಕೇಸಿನಲ್ಲಿ ಅರೆಸ್ಟ್ ಆದರು. ಅವರ ಜಾಮೀನನ್ನೂ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಯಾವಾಗ ಗೊತ್ತಾ, 2025ರ ಆಗಸ್ಟ್ 13ರಂದು, ದರ್ಶನ್ ಜಾಮೀನು ರದ್ದಾದ ಹಿಂದಿನ ದಿನ. ಒಂದೇ ಕೋರ್ಟು, ಎರಡು ದಿನ, ಇಬ್ಬರು ಪ್ರಸಿದ್ಧರು, ಎರಡೂ ಕೊಲೆ ಕೇಸು. ಆ ವಾರ ನಿಮ್ಮ ಮನೆಯ ಟಿವಿಯಲ್ಲಿ ಕುಸ್ತಿಪಟುವಿನ ಅಭಿಮಾನಿಗಳ ಕಣ್ಣೀರು ಎಷ್ಟು ಹೊತ್ತು ಬಂತು?

ಕನ್ನಡ ಚಾನೆಲ್ಲು ದೆಹಲಿಯ ಕುಸ್ತಿಯವನನ್ನು ಯಾಕೆ ತೋರಿಸಬೇಕು ಎಂದು ನೀವು ಕೇಳಿದರೆ ಅದೂ ಸರಿಯೇ. ನಮ್ಮೂರ ಸುದ್ದಿ ನಮಗೆ ದೊಡ್ಡದು. ಆದರೆ ಪೂವಮ್ಮ ನಮ್ಮವರಲ್ವಾ?

ನಿಯಮದ ಪುಸ್ತಕ ತೆಗೆದು ಓದಿ

ಕೆಲವು ಸಲ ಮಾಧ್ಯಮದ ತಾರತಮ್ಯ ಅಂತ ಕಾಣುವುದು ಅಸಲಿಗೆ ನಿಯಮದಲ್ಲೇ ಇರುತ್ತದೆ, ಮಾಧ್ಯಮ ಅದನ್ನು ಪ್ರಶ್ನೆ ಮಾಡದೆ ಬಿಡುತ್ತದೆ ಅಷ್ಟೇ. ಅಮೆರಿಕದ ಬೇಸ್‌ಬಾಲ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ನಿಷೇಧಿತ ಔಷಧಿಗೆ ಮೊದಲ ಸಲ 80 ಪಂದ್ಯ, ಎರಡನೇ ಸಲ 162, ಅಂದರೆ ಪೂರ್ತಿ ಸೀಸನ್, ಮೂರನೇ ಸಲ ಆಜೀವ ನಿಷೇಧ. ಮನೆಯೊಳಗಿನ ಹಿಂಸೆಗೆ ಅಂತ ಲಿಖಿತ ನೀತಿ ಬಂದದ್ದೇ 2015ರಲ್ಲಿ, ಅದರಲ್ಲಿ ಇಷ್ಟೇ ಪಂದ್ಯ ಎಂಬ ಅಳತೆ ಇಲ್ಲ, ಬೇಸ್‌ಬಾಲ್ ಸಂಸ್ಥೆಯ ಮುಖ್ಯಸ್ಥರಾದ ಕಮಿಷನರ್ ತೀರ್ಮಾನಿಸುತ್ತಾರೆ. 2016ರ ಫೆಬ್ರವರಿಯಲ್ಲಿ ಮೂರನೇ ಸಲ ಔಷಧಿಯಲ್ಲಿ ಸಿಕ್ಕಿಬಿದ್ದ ಹೆನ್ರಿ ಮೆಹಿಯಾಗೆ ಆಜೀವ ನಿಷೇಧ ಬಿತ್ತು. ಮರುತಿಂಗಳು, ಗೆಳತಿಯ ಮೇಲೆ ಹಲ್ಲೆ ಮಾಡಿದರು ಎಂಬ ಆರೋಪಕ್ಕೆ ಅರೋಲ್ಡಿಸ್ ಚಾಪ್ಮನ್‌ಗೆ 30 ಪಂದ್ಯ. ಪೊಲೀಸ್ ಕೇಸು ದಾಖಲಾಗಿರಲಿಲ್ಲ, ಅದು ನಿಜ. ಆದರೆ ಅದೇ ವರ್ಷ ನವೆಂಬರ್‌ನಲ್ಲಿ ಚಾಪ್ಮನ್ ಶಿಕಾಗೊ ತಂಡದ ಜೊತೆ ವಿಶ್ವ ಸರಣಿ ಗೆದ್ದು ಕುಣಿಯುತ್ತಿದ್ದರು. (ಮೆಹಿಯಾ ಮೇಲಿನ ನಿಷೇಧವನ್ನು ಆಮೇಲೆ ಷರತ್ತು ಹಾಕಿ ಸಡಿಲಿಸಿದರು, ಅದನ್ನೂ ಹೇಳಬೇಕು.)

ಹಾಗಾಗಿ ಸುದ್ದಿ ಓದುವಾಗ ಕೇಳಿ: ಈ ತಪ್ಪಿಗೆ ಈ ಸಂಸ್ಥೆಯಲ್ಲಿ ಲಿಖಿತ ನಿಯಮ ಇದೆಯಾ? ಇದ್ದರೆ ಅದನ್ನು ವರದಿಯಲ್ಲಿ ಹೇಳಿದ್ದಾರಾ? ಇಲ್ಲದಿದ್ದರೆ, ಇಲ್ಲ ಅಂತಾದರೂ ಹೇಳಿದ್ದಾರಾ?

ಚಾನೆಲ್ ಹೇಳುವುದನ್ನು ಬಿಟ್ಟು ನೀವೇ ಹುಡುಕಿ

ಇದು ಅಂದುಕೊಂಡಷ್ಟು ಕಷ್ಟ ಅಲ್ಲ. ಕೇಸಿನ ಸ್ಥಿತಿ ಬೇಕಾದರೆ ಇ-ಕೋರ್ಟ್ಸ್ ವೆಬ್‌ಸೈಟ್ ಅಥವಾ ಆ್ಯಪ್ ಇದೆ. ಕೇಸ್ ನಂಬರೋ ಪಕ್ಷಗಾರರ ಹೆಸರೋ ಹಾಕಿದರೆ ಮುಂದಿನ ದಿನಾಂಕ, ಹಿಂದಿನ ಆದೇಶ ಎಲ್ಲ ಬರುತ್ತದೆ. "ಬಿಗ್ ರಿಲೀಫ್" ಅಂತ ಟಿವಿಯಲ್ಲಿ ಕೆಂಪು ಪಟ್ಟಿ ಓಡುತ್ತಿರುವಾಗ ಅಲ್ಲಿ ಬರೀ ಮುಂದೂಡಿಕೆ ಇರುವುದೂ ಉಂಟು. ಜಾಮೀನು ಸಿಕ್ಕಿತು ಅಂದರೆ ನಿರಪರಾಧಿ ಅಂತಲ್ಲ, ಜಾಮೀನು ರದ್ದಾಯಿತು ಅಂದರೆ ಅಪರಾಧಿ ಅಂತಲೂ ಅಲ್ಲ. ಇದೊಂದನ್ನು ಮನೆಮಂದಿಗೆ ಹೇಳಿಕೊಟ್ಟರೂ ಅರ್ಧ ಕೆಲಸ ಆಯಿತು. ಡೋಪಿಂಗ್ ವಿಷಯಕ್ಕೆ ನಾಡಾ ವೆಬ್‌ಸೈಟಿನಲ್ಲಿ ಶಿಸ್ತು ಸಮಿತಿಯ ಆದೇಶಗಳು ಸಿಗುತ್ತವೆ. ಯಾವ ವಸ್ತು, ಕ್ರೀಡಾಪಟು ಏನು ವಾದ ಮಾಡಿದರು, ಸಮಿತಿ ಯಾಕೆ ಒಪ್ಪಲಿಲ್ಲ ಅನ್ನುವುದೆಲ್ಲ ಅದರಲ್ಲಿರುತ್ತದೆ. ಓದಲು ಸ್ವಲ್ಪ ಬೋರು, ಆದರೆ ಹತ್ತು ಪ್ಯಾನೆಲ್ ಚರ್ಚೆಗಿಂತ ವಾಸಿ.

ಚಾರ್ಜ್‌ಶೀಟ್ 'ಎಕ್ಸ್‌ಕ್ಲೂಸಿವ್' ಬಂದಾಗ ಇನ್ನೂ ಹುಷಾರಾಗಿರಿ. ಅದು ಪೊಲೀಸರ ಕಡೆಯ ಕಥೆ, ಕೋರ್ಟಿನಲ್ಲಿ ಇನ್ನೂ ಪರೀಕ್ಷೆ ಆಗಿರುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ದರ್ಶನ್ ಕೇಸಿನ ಚಾರ್ಜ್‌ಶೀಟ್ ವಿವರ ಪ್ರಸಾರ ಮಾಡಬೇಡಿ ಎಂದು ಹೈಕೋರ್ಟೇ ಮಾಧ್ಯಮಗಳಿಗೆ ತಡೆ ಹಾಕಿತ್ತು. ಸ್ಟಾರ್ ಪರ ನ್ಯಾಯ ಕೇಳಿದರೆ ನಾಚಿಕೆ ಪಡಬೇಕಾಗಿಲ್ಲ. ಆ ನ್ಯಾಯ ಓಟಗಾರ್ತಿಗೂ ಸಿಗಲಿ ಅಂತ ಕೇಳಿ, ಅಷ್ಟೇ.

ಸಿಟ್ಟು ಬಂದರೆ ದೂರು ಕೊಡಿ

ಕಾಮೆಂಟ್ ಹಾಕಿದರೆ ಚಾನೆಲ್‌ಗೆ ಲಾಭ, ಅವರ ವಿಡಿಯೋ ಇನ್ನಷ್ಟು ಓಡುತ್ತದೆ. ಬೈಯುತ್ತಾ ಶೇರ್ ಮಾಡಿದರೂ ಅದೇ. ಲಿಖಿತ ದೂರು ಬೇರೆ ವಿಷಯ.

ಪತ್ರಿಕೆ ಆದರೆ ಮೊದಲು ಸಂಪಾದಕರಿಗೆ ಪತ್ರ ಬರೆಯಿರಿ. ಯಾವ ದಿನದ, ಯಾವ ಪುಟದ, ಯಾವ ಸಾಲು ತಪ್ಪು ಅಂತ ಸರಿಯಾಗಿ ಹೇಳಿ. ಉತ್ತರ ಬರಲಿಲ್ಲ, ಅಥವಾ ಸುಮ್ನೆ ಹಾರಿಕೆ ಉತ್ತರ ಬಂತು ಅಂದರೆ ಭಾರತೀಯ ಪತ್ರಿಕಾ ಮಂಡಳಿಗೆ ಹೋಗಬಹುದು. ದಿನಪತ್ರಿಕೆ, ವಾರಪತ್ರಿಕೆಗಳಿಗಾದರೆ ಸುದ್ದಿ ಬಂದ ಎರಡು ತಿಂಗಳೊಳಗೆ ದೂರು ಕೊಡಬೇಕು. ಮಂಡಳಿ ದಂಡ ಹಾಕಲಾರದು, ಛೀಮಾರಿ ಹಾಕಬಹುದು, ಎಚ್ಚರಿಕೆ ಕೊಡಬಹುದು. ಟಿವಿ ಆದರೆ ಮೊದಲ ದೂರು ಆ ಚಾನೆಲ್‌ಗೇ, ಆಮೇಲೆ ಆ ಚಾನೆಲ್ ಸೇರಿರುವ ಸ್ವನಿಯಂತ್ರಣ ಸಂಸ್ಥೆಗೆ. ತಡ ಮಾಡಬೇಡಿ, ಪ್ರಸಾರವಾದ ಒಂದು ವಾರದೊಳಗೆ ಬರೆಯಿರಿ. ವಿಡಿಯೋ ಲಿಂಕ್ ಮತ್ತು ಸ್ಕ್ರೀನ್‌ಶಾಟ್ ಮೊದಲೇ ಇಟ್ಟುಕೊಳ್ಳಿ, ಗಲಾಟೆ ಆದ ತಕ್ಷಣ ಅವರು ವಿಡಿಯೋ ತೆಗೆದುಬಿಡುತ್ತಾರೆ.

ದೂರಿನಲ್ಲಿ "ನೀವು ತಾರತಮ್ಯ ಮಾಡುತ್ತಿದ್ದೀರಿ" ಅಂತ ಬರೆದರೆ ಕಸದ ಬುಟ್ಟಿಗೆ ಹೋಗುತ್ತದೆ. "ಆರೋಪಿಯ ಜೈಲಿನ ಊಟದ ಬಗ್ಗೆ ನಿಮ್ಮ ಬುಲೆಟಿನ್ನಿನಲ್ಲಿ ಇಷ್ಟು ನಿಮಿಷ ಇತ್ತು, ಸತ್ತವನ ಕುಟುಂಬದ ಬಗ್ಗೆ ಇಷ್ಟು ಸೆಕೆಂಡ್ ಇತ್ತು" ಅಂತ ಬರೆಯಿರಿ. "ಬಿ ಸ್ಯಾಂಪಲ್ ಫಲಿತಾಂಶ ಬರುವ ಮೊದಲೇ ಕ್ರೀಡಾಪಟುವನ್ನು ಮೋಸಗಾತಿ ಎಂದು ಕರೆದಿದ್ದೀರಿ" ಅಂತ ಬರೆಯಿರಿ. ಮೊಬೈಲಿನ ಸ್ಟಾಪ್‌ವಾಚ್ ಹಾಕಿ ಒಂದು ಬುಲೆಟಿನ್ ಅಳೆದರೆ ಸಾಕು, ಅರ್ಧ ಗಂಟೆಯ ಕೆಲಸ. ದೂರಿನ ಒಂದು ಪ್ರತಿ ನಿಮ್ಮ ಬಳಿ ಇರಲಿ, ಎರಡನೇ ಹಂತಕ್ಕೆ ಹೋಗುವಾಗ ಮೊದಲ ದೂರಿನ ದಿನಾಂಕ ಕೇಳುತ್ತಾರೆ.